ಆರ್ಡುಯಿನೊ ಕೋಡನ್ನು ಬೇರೆ ಎಡಿಟರ್‌ನಲ್ಲಿ ಬರೆದಾಗ: ಎರರ್ ಬಂದರೆ ಎಲ್ಲಿ ಹುಡುಕಬೇಕು?

ಅದೇ ಕೋಡ್, ಅದೇ ಬೋರ್ಡ್, ಅದೇ ಕೇಬಲ್. ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಕೋಡ್ ಬರೆದು ಕಳಿಸಲೆಂದೇ ಇರುವ ಪ್ರೋಗ್ರಾಂ ಆರ್ಡುಯಿನೊ ಐಡಿಇ. ಅದರಲ್ಲಿ ತೆರೆದರೆ ಎಲ್‌ಇಡಿ ಮಿನುಗುತ್ತದೆ. ವಿಎಸ್ ಕೋಡ್, ವಿಮ್, ಸಬ್ಲೈಮ್, ಇಮ್ಯಾಕ್ಸ್ ಹೀಗೆ ಯಾವುದಾದರೂ ಸಾಮಾನ್ಯ ಎಡಿಟರ್‌ನಲ್ಲಿ ತೆರೆದರೆ ಪರದೆ ತುಂಬ ಕೆಂಪು ಗೆರೆ. ಅಥವಾ ಕಂಪೈಲ್ ಆಗುವುದಿಲ್ಲ, ಅಂದರೆ ಕೋಡು ಬೋರ್ಡಿಗೆ ಅರ್ಥವಾಗುವ ರೂಪಕ್ಕೆ ಬದಲಾಗುವುದಿಲ್ಲ. ಅಥವಾ ಕಂಪೈಲ್ ಆಗಿ ಬೋರ್ಡಿಗೆ ಹೋಗುವುದಿಲ್ಲ. ಈ ಬರಹ ಅಂಥವರಿಗೆ. ಐಡಿಇಯಲ್ಲೂ ಓಡದ ಕೋಡ್ ನಿಮ್ಮದಾದರೆ ಇದನ್ನು ಓದಿ ಉಪಯೋಗವಿಲ್ಲ, ತಪ್ಪು ಹೆಚ್ಚಾಗಿ ಕೋಡಿನಲ್ಲೇ ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನೂ ಎರರ್ ಸಾಲುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.

ಐಡಿಇ ಸದ್ದಿಲ್ಲದೆ ಏನೇನು ಮಾಡುತ್ತಿತ್ತು?

ಆರ್ಡುಯಿನೊ ಶುರುವಾಗಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಊರಿನ ಒಂದು ಡಿಸೈನ್ ಸಂಸ್ಥೆಯಲ್ಲಿ. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬೋರ್ಡ್ ಬಳಸಬೇಕು ಅನ್ನುವುದು ಅದರ ಉದ್ದೇಶ. ಹಾಗಾಗಿ ಸಿ++ ಭಾಷೆಯ ಕಿರಿಕಿರಿಗಳನ್ನೆಲ್ಲ ಐಡಿಇ ತನ್ನ ಹೊಟ್ಟೆಯಲ್ಲಿ ಹಾಕಿಕೊಂಡಿತು. ನಾವು 'ಆರ್ಡುಯಿನೊ ಭಾಷೆ' ಅನ್ನುವುದು ನಿಜಕ್ಕೂ ಸಿ++ ಭಾಷೆಯೇ. ಅದರ ಮೇಲೆ ಒಂದಷ್ಟು ಸಿದ್ಧ ಫಂಕ್ಷನ್‌ಗಳಿವೆ, ಜೊತೆಗೆ ಐಡಿಇ ಮಾಡುವ ಚಾಕರಿ ಇದೆ.

ಮದುವೆ ಮನೆಯಲ್ಲಿ ಒಬ್ಬ ಸೋದರಮಾವ ಇರುತ್ತಾರಲ್ವಾ? ಗ್ಯಾಸ್ ಸಿಲಿಂಡರ್ ತರಿಸುವುದರಿಂದ ಹಿಡಿದು ಪುರೋಹಿತರನ್ನು ಬಸ್ ಹತ್ತಿಸುವ ತನಕ ಎಲ್ಲ ಅವರದ್ದೇ. ಅವರು ಇಲ್ಲದ ದಿನವೇ ಅವರು ಮಾಡುತ್ತಿದ್ದ ಕೆಲಸ ಲೆಕ್ಕಕ್ಕೆ ಬರುವುದು. ಐಡಿಇ ಬಿಟ್ಟು ಹೊರಗೆ ಬಂದವರ ಕಥೆಯೂ ಅದೇ.

ಅದು ಮಾಡುತ್ತಿದ್ದ ಕೆಲಸ ಇಷ್ಟು. ನಿಮ್ಮ ಫೋಲ್ಡರಿನ ಎಲ್ಲ .ಐಎನ್‌ಒ ಫೈಲುಗಳನ್ನು (ಆರ್ಡುಯಿನೊ ಕೋಡಿನ ಫೈಲುಗಳು) ಒಟ್ಟು ಸೇರಿಸಿ ಒಂದೇ ಫೈಲ್ ಮಾಡುತ್ತದೆ. ಮುಖ್ಯ ಫೈಲ್ ಮೊದಲು, ಉಳಿದವು ಅಕ್ಷರದ ಕ್ರಮದಲ್ಲಿ. ಅದರ ತಲೆಯ ಮೇಲೆ 'ಆರ್ಡುಯಿನೊ.ಎಚ್' ಎಂಬ ಹೆಡರ್ ಫೈಲ್ (ಸಿದ್ಧ ಫಂಕ್ಷನ್‌ಗಳ ಹೆಸರುಗಳ ಪಟ್ಟಿ) ಸೇರಿಸುತ್ತದೆ. ನೀವು ಬರೆದ ಪ್ರತಿ ಫಂಕ್ಷನ್‌ಗೂ ಪ್ರೊಟೊಟೈಪ್ (ಇಂಥ ಫಂಕ್ಷನ್ ಒಂದಿದೆ ಎಂದು ಮೊದಲೇ ಹೇಳಿಡುವ ಸಾಲು) ತಾನೇ ಬರೆಯುತ್ತದೆ. ನೀವು ಇನ್‌ಕ್ಲೂಡ್ ಮಾಡಿದ ಹೆಸರು ನೋಡಿ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಲ್ಲಿದೆ ಎಂದು ಹುಡುಕುತ್ತದೆ. ಬೋರ್ಡಿಗೆ ತಕ್ಕ ಕಂಪೈಲರ್, ತಕ್ಕ ಸ್ವಿಚ್, ತಕ್ಕ ಅಪ್‌ಲೋಡ್ ವೇಗ ಆರಿಸುತ್ತದೆ. ನಿಮ್ಮ ಎಡಿಟರ್‌ಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಮುಂದೆ ಬರುವ ಹೆಚ್ಚುಕಮ್ಮಿ ಎಲ್ಲ ತೊಂದರೆಗಳೂ ಈ ಪಟ್ಟಿಯಲ್ಲಿ ಯಾವುದೋ ಒಂದು ಕೆಲಸ ತಪ್ಪಿಹೋಗಿದ್ದರಿಂದಲೇ ಬರುವುದು.

ಮೊದಲ ಪ್ರಶ್ನೆ: ಬೈಯುತ್ತಿರುವುದು ಯಾರು?

ಎರರ್ ಕಂಡ ತಕ್ಷಣ ಅದರ ಸಾಲನ್ನು ಕಾಪಿ ಮಾಡಿ ಸರ್ಚ್ ಮಾಡಲು ಹೋಗಬೇಡಿ. ಅದನ್ನು ಹೇಳಿದ್ದು ಯಾರು ಎಂದು ನೋಡಿ. ಹೇಳಬಹುದಾದವರು ನಾಲ್ಕೇ ಜನ: ಎಡಿಟರ್, ಕಂಪೈಲರ್, ಅಪ್‌ಲೋಡ್ ಮಾಡುವ ಪ್ರೋಗ್ರಾಂ, ಕೊನೆಗೆ ಬೋರ್ಡು. ಎಡಿಟರ್‌ನ ಕೆಂಪು ಗೆರೆಯನ್ನು ಕಂಪೈಲರ್ ಎರರ್ ಎಂದುಕೊಂಡು ಸರಿಯಾಗಿದ್ದ ಕೋಡನ್ನು ಕೆಡಿಸಿಕೊಂಡವರು ತುಂಬಾ ಜನ.

ಬೇರ್ಪಡಿಸುವ ಉಪಾಯ ಸುಲಭ. ಎಡಿಟರನ್ನು ಪಕ್ಕಕ್ಕಿಡಿ. ಆರ್ಡುಯಿನೊ-ಸಿಎಲ್‌ಐ ಎನ್ನುವ ಕಮಾಂಡ್ ಲೈನ್ ಪ್ರೋಗ್ರಾಂ ಹಾಕಿಕೊಳ್ಳಿ. ಇದು ಆರ್ಡುಯಿನೊದವರದ್ದೇ. 2022ರಲ್ಲಿ ಬಂದ ಐಡಿಇ 2 ಕೂಡ ಒಳಗೆ ಕಂಪೈಲ್ ಮಾಡಿಸುವುದು ಇದರಿಂದಲೇ. ಹಾಗಾಗಿ ಎರಡನ್ನೂ ಹೋಲಿಸಿದರೆ ನ್ಯಾಯವಾದ ಹೋಲಿಕೆ. ಒಂದು ಬಗೆಯ ಬೋರ್ಡಿಗೆ ಬೇಕಾದ ಫೈಲುಗಳ ಕಟ್ಟನ್ನು ಕೋರ್ ಅನ್ನುತ್ತಾರೆ. ಯುನೊ ಬೋರ್ಡಿಗೆ ಅದನ್ನು ಹಾಕಿಕೊಳ್ಳಲು ಮೊದಲ ಸಲ 'ಆರ್ಡುಯಿನೊ-ಸಿಎಲ್‌ಐ ಕೋರ್ ಇನ್‌ಸ್ಟಾಲ್ ಆರ್ಡುಯಿನೊ:ಎವಿಆರ್'. ಆಮೇಲೆ ನಿಮ್ಮ ಕೋಡಿನ ಫೋಲ್ಡರ್ ಒಳಗೆ ನಿಂತು ಟರ್ಮಿನಲ್‌ನಲ್ಲಿ:

ಆರ್ಡುಯಿನೊ-ಸಿಎಲ್‌ಐ ಕಂಪೈಲ್ --ಎಫ್‌ಕ್ಯೂಬಿಎನ್ ಆರ್ಡುಯಿನೊ:ಎವಿಆರ್:ಯುನೊ

ಕೊನೆಯ ಭಾಗ ಬೋರ್ಡಿನ ಪೂರ್ತಿ ಹೆಸರು. ನಿಮ್ಮದು ಯಾವುದೆಂದು 'ಬೋರ್ಡ್ ಲಿಸ್ಟ್‌ಆಲ್' ತೋರಿಸುತ್ತದೆ. ಪ್ರತಿ ಸಲ ಬರೆಯುವುದು ಬೇಜಾರಾದರೆ 'ಬೋರ್ಡ್ ಅಟ್ಯಾಚ್' ಕಮಾಂಡ್ ಬಳಸಿ. ಬೋರ್ಡು, ಪೋರ್ಟು (ಬೋರ್ಡ್ ಸಿಕ್ಕಿಸಿದ ಜಾಗಕ್ಕೆ ಕಂಪ್ಯೂಟರ್ ಕೊಡುವ ಹೆಸರು) ಎರಡನ್ನೂ ಅದು ಸ್ಕೆಚ್.ಯಾಮಲ್ ಎನ್ನುವ ಫೈಲಿನಲ್ಲಿ ಬರೆದಿಡುತ್ತದೆ. ಆರ್ಡುಯಿನೊದಲ್ಲಿ ಒಂದು ಪ್ರೋಗ್ರಾಮಿಗೆ ಸ್ಕೆಚ್ ಎಂದೇ ಹೆಸರು.

ಈಗ ಉತ್ತರ ಸಿಕ್ಕಿತು. ಇದು ಪಾಸಾಗಿ ಎಡಿಟರ್ ಮಾತ್ರ ಕೆಂಪಾಗಿದ್ದರೆ ಕೋಡ್ ಸರಿ ಇದೆ, ಸುಳ್ಳು ಹೇಳುತ್ತಿರುವುದು ಎಡಿಟರ್. ಇದೂ ಫೇಲಾಗಿ ಐಡಿಇ ಪಾಸಾದರೆ ಫೋಲ್ಡರ್ ಜೋಡಣೆಯಲ್ಲೋ ಲೈಬ್ರರಿ ಜಾಗದಲ್ಲೋ ವ್ಯತ್ಯಾಸವಿದೆ. ಕಂಪೈಲ್ ಆಗಿ ಬೋರ್ಡಿಗೆ ಹೋಗದಿದ್ದರೆ ನೇರ ಪೋರ್ಟಿನ ಭಾಗಕ್ಕೆ ಹೋಗಿ.

ಕೋಡ್ ಸರಿ, ಆದರೂ ಕೆಂಪು ಗೆರೆ

'ಕೆನಾಟ್ ಓಪನ್ ಸೋರ್ಸ್ ಫೈಲ್ ಆರ್ಡುಯಿನೊ.ಎಚ್', 'ಐಡೆಂಟಿಫೈಯರ್ ಪಿನ್‌ಮೋಡ್ ಈಸ್ ಅನ್‌ಡಿಫೈನ್ಡ್'. ವಿಎಸ್ ಕೋಡ್ ಬಳಸುವವರಿಗೆ ಈ ಎರಡು ಸಾಲು ಬಾಯಿಪಾಠ. ಎಡಿಟರ್ ಒಳಗಿನ ಸಿ++ ಪರಿಶೀಲಕಕ್ಕೆ ಹೆಡರ್ ಫೈಲುಗಳು ಎಲ್ಲಿವೆ ಎಂದು ಗೊತ್ತಿಲ್ಲ, ಅಷ್ಟೇ. ಅವು ಇರುವುದು ಲಿನಕ್ಸ್‌ನಲ್ಲಿ ಮನೆ ಫೋಲ್ಡರಿನ '.ಆರ್ಡುಯಿನೊ15' ಒಳಗೆ. ಮ್ಯಾಕ್‌ನಲ್ಲಿ 'ಲೈಬ್ರರಿ' ಕೆಳಗೆ 'ಆರ್ಡುಯಿನೊ15'. ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ, ಲೋಕಲ್, ಅದರೊಳಗೆ ಅದೇ ಹೆಸರು.

ಆ ದಾರಿಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದು ಸೇರಿಸುವುದು ಹಳೆಯ ವಿಧಾನ. ನನಗದು ಹಿಡಿಸುವುದಿಲ್ಲ. ಕೋರ್‌ನ ವರ್ಷನ್ ಬದಲಾದ ದಿನ ದಾರಿಯೂ ಬದಲಾಗುತ್ತದೆ, ಮತ್ತೆ ಎಲ್ಲ ಕೆಂಪು. ಜೊತೆಗೆ ದಾರಿ ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಯಾವ ಚಿಪ್ ಎಂದು ಹೇಳುವ ಮ್ಯಾಕ್ರೊಗಳನ್ನೂ ಕೊಡಬೇಕು. ಇಲ್ಲದಿದ್ದರೆ '#ಇಫ್‌ಡೆಫ್' ಒಳಗಿನ ಕೋಡ್ ಮಸುಕಾಗಿ ಕಾಣುತ್ತದೆ, ಓಡುವುದೇ ಇಲ್ಲವೇನೋ ಅನ್ನುವ ಹಾಗೆ.

ಮೈಕ್ರೋಸಾಫ್ಟ್ ಮಾಡಿದ್ದ ಆರ್ಡುಯಿನೊ ಎಕ್ಸ್‌ಟೆನ್ಶನ್ ಈಗ ನಿಂತುಹೋಗಿದೆ. ಹಳೆಯ ವಿಡಿಯೊ ಪಾಠಗಳು ಇನ್ನೂ ಅದನ್ನೇ ಹಾಕಿ ಅನ್ನುತ್ತವೆ. ಅದರ ಹಿಂದೆ ಬೀಳಬೇಡಿ.

ಒಳ್ಳೆಯ ದಾರಿ ಆರ್ಡುಯಿನೊ-ಲ್ಯಾಂಗ್ವೇಜ್-ಸರ್ವರ್. ಇದು ಯಾಕೆ ಬೇಕು ಎಂದು ತಿಳಿದರೆ ಅರ್ಧ ತೊಂದರೆ ಬಗೆಹರಿದ ಹಾಗೆ. ಸಿ++ ಕೋಡನ್ನು ಓದಿ ಸಲಹೆ ಕೊಡುವ ಪ್ರೋಗ್ರಾಂ ಕ್ಲ್ಯಾಂಗ್‌ಡಿ. ಅದಕ್ಕೆ .ಐಎನ್‌ಒ ಫೈಲ್ ಅರ್ಥವಾಗುವುದಿಲ್ಲ. ಹೆಡರ್ ಇಲ್ಲ, ಪ್ರೊಟೊಟೈಪ್ ಇಲ್ಲ, ಬೇರೆ ಟ್ಯಾಬಿನಲ್ಲಿರುವ ಫಂಕ್ಷನ್ ಕಾಣುವುದಿಲ್ಲ. 'ಕಂಪೈಲ್ --ಓನ್ಲಿ-ಕಂಪೈಲೇಶನ್-ಡೇಟಾಬೇಸ್' ಓಡಿಸಿ ಕಂಪೈಲ್_ಕಮಾಂಡ್ಸ್.ಜೇಸನ್ ಮಾಡಿಕೊಂಡರೂ ಅದರಲ್ಲಿ ಹೆಸರಿರುವುದು ತಾತ್ಕಾಲಿಕ ಫೋಲ್ಡರಿನಲ್ಲಿ ತಯಾರಾದ .ಸಿಪಿಪಿ ಫೈಲಿನದ್ದು, ನೀವು ತೆರೆದಿಟ್ಟ .ಐಎನ್‌ಒ ಫೈಲಿನದ್ದಲ್ಲ. ಆ ಎರಡರ ನಡುವೆ ಸಾಲಿಗೆ ಸಾಲು ಹೊಂದಿಸುವ ದುಭಾಷಿಯೇ ಈ ಲ್ಯಾಂಗ್ವೇಜ್ ಸರ್ವರ್. ಅದಕ್ಕೆ ನೀವು ಹೇಳಬೇಕಾದದ್ದು: ಸಿಎಲ್‌ಐ ಎಲ್ಲಿದೆ, ಅದರ ಕಾನ್ಫಿಗ್ ಫೈಲ್ ಎಲ್ಲಿದೆ, ಕ್ಲ್ಯಾಂಗ್‌ಡಿ ಎಲ್ಲಿದೆ, ಬೋರ್ಡ್ ಯಾವುದು. ಇವುಗಳಲ್ಲಿ ಒಂದು ತಪ್ಪಿದರೂ ಸರ್ವರ್ ತೆಪ್ಪಗೆ ಸಾಯುತ್ತದೆ. ಎಡಿಟರ್‌ನಲ್ಲಿ ಎರರ್ ಕೂಡ ಕಾಣದೆ ಇರಬಹುದು, ಅದರ ಲಾಗ್ ತೆರೆದೇ ನೋಡಬೇಕು.

ವಿಮ್, ನಿಯೊವಿಮ್ ಬಳಸುವವರಿಗೆ ಒಂದು ವಿಶೇಷ. ಅಲ್ಲಿ .ಐಎನ್‌ಒ ಫೈಲಿನ ಬಗೆ 'ಸಿಪಿಪಿ' ಅಲ್ಲ, 'ಆರ್ಡುಯಿನೊ'. ನಿಮ್ಮ ಸೆಟ್ಟಿಂಗಿನಲ್ಲಿ ಸಿ, ಸಿಪಿಪಿ ಎರಡಕ್ಕೆ ಮಾತ್ರ ಸರ್ವರ್ ಹಚ್ಚಿದ್ದರೆ .ಐಎನ್‌ಒ ತೆರೆದಾಗ ಏನೂ ಆಗುವುದಿಲ್ಲ. 'ಸೆಟ್ ಫೈಲ್‌ಟೈಪ್?' ಎಂದು ಕೇಳಿ ನೋಡಿ, ಗೊತ್ತಾಗುತ್ತದೆ.

ಇಎಸ್‌ಪಿ32 ಬೋರ್ಡ್ ಇಟ್ಟುಕೊಂಡು ಕ್ಲ್ಯಾಂಗ್‌ಡಿ ಬಳಸುವವರಿಗೆ 'ಅನ್‌ನೋನ್ ಆರ್ಗ್ಯುಮೆಂಟ್ -ಎಂಲಾಂಗ್‌ಕಾಲ್ಸ್' ಅನ್ನುವ ಸಾಲು ಬರುತ್ತದೆ. ಆ ಸ್ವಿಚ್ ಗೊತ್ತಿರುವುದು ಆ ಚಿಪ್ಪಿನ ಜಿಸಿಸಿ ಕಂಪೈಲರ್‌ಗೆ, ಕ್ಲ್ಯಾಂಗ್‌ಡಿಗಲ್ಲ. ಫೋಲ್ಡರಿನಲ್ಲಿ '.ಕ್ಲ್ಯಾಂಗ್‌ಡಿ' ಎಂಬ ಫೈಲ್ ಮಾಡಿ, ಕಂಪೈಲ್‌ಫ್ಲ್ಯಾಗ್ಸ್ ಅಡಿಯಲ್ಲಿ 'ರಿಮೂವ್' ಎಂದು ಬರೆದು ಆ ಸ್ವಿಚ್ ಸೇರಿಸಿ. ಕಂಪೈಲ್‌ಗೆ ಇದರಿಂದ ಏನೂ ಆಗುವುದಿಲ್ಲ.

ವಿಎಸ್ ಕೋಡ್‌ನಂಥ ಎಡಿಟರ್‌ನಲ್ಲೇ ಕಂಪೈಲ್, ಅಪ್‌ಲೋಡ್ ಮಾಡಿಸುವ ಪ್ಲಾಟ್‌ಫಾರ್ಮ್‌ಐಒ ಬಳಸುವವರಿಗೆ ಈ ಗೋಳು ಕಡಿಮೆ. ವಿಎಸ್ ಕೋಡ್‌ಗೆ ಬೇಕಾದ ದಾರಿಗಳ ಫೈಲನ್ನು ಅದೇ ಬರೆದುಕೊಡುತ್ತದೆ. ಆ ಫೈಲನ್ನು ನೀವು ತಿದ್ದಿದರೆ ಮುಂದಿನ ಸಲ ಅದು ಅಳಿಸಿ ಹೊಸದಾಗಿ ಬರೆಯುತ್ತದೆ. ತಿದ್ದುವುದಿದ್ದರೆ ಪ್ಲಾಟ್‌ಫಾರ್ಮ್‌ಐಒ.ಐಎನ್‌ಐ ಫೈಲಿನಲ್ಲಿ ತಿದ್ದಿ, ಆಮೇಲೆ ಇಂಟೆಲಿಸೆನ್ಸ್ ಇಂಡೆಕ್ಸ್ ಮತ್ತೆ ಕಟ್ಟಿಸಿ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಕೆಂಪು ಬರಬೇಕಾದಲ್ಲಿ ಬರುವುದಿಲ್ಲ. ಯುನೊದಲ್ಲಿ 'ಇಂಟ್' ಎಂದರೆ 16 ಬಿಟ್, ಹೆಚ್ಚೆಂದರೆ 32767 ತನಕ. ನಿಮ್ಮ ಲ್ಯಾಪ್‌ಟಾಪಿನಲ್ಲಿ 32 ಬಿಟ್. ಬೋರ್ಡ್ ಯಾವುದೆಂದು ಗೊತ್ತಿಲ್ಲದ ಎಡಿಟರ್ ಲ್ಯಾಪ್‌ಟಾಪಿನ ಲೆಕ್ಕದಲ್ಲೇ ಓದುತ್ತದೆ. 'ಡಿಲೇ(60 * 1000)' ಎಂದು ಬರೆದರೆ ಅದಕ್ಕೆ ಏನೂ ತಪ್ಪು ಕಾಣುವುದಿಲ್ಲ. ಯುನೊದಲ್ಲಿ ಅದೇ ಗುಣಾಕಾರ -5536 ಆಗುತ್ತದೆ. ಡಿಲೇ ಅದನ್ನು ಧನ ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ನೀವು ಕೇಳಿದ್ದು ಒಂದು ನಿಮಿಷ, ಬೋರ್ಡ್ ಸುಮಾರು 49 ದಿನ ಕಾಯುತ್ತಾ ಕೂರುತ್ತದೆ. ಕಂಪೈಲರ್‌ಗೆ ಇದು ಗೊತ್ತಾಗುತ್ತದೆ, ಆದರೆ ಆರ್ಡುಯಿನೊದಲ್ಲಿ ವಾರ್ನಿಂಗುಗಳನ್ನು ಮೊದಲಿನಿಂದಲೇ ಆಫ್ ಮಾಡಿಟ್ಟಿರುತ್ತಾರೆ. '--ವಾರ್ನಿಂಗ್ಸ್ ಆಲ್' ಸೇರಿಸಿ ಕಂಪೈಲ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಕೋಡಿನಲ್ಲಿ 1000ದ ಕೊನೆಗೆ 'ಯುಎಲ್' ಅಂಟಿಸಿದರೆ ಸಮಸ್ಯೆ ಹೋಗುತ್ತದೆ.

ಕಂಪೈಲ್ ಆಗುತ್ತಿಲ್ಲ

ಮೊದಲು ಚಿಲ್ಲರೆ ಕಾರಣಗಳು. ಫೈಲ್ ಸೇವ್ ಮಾಡಿದ್ದೀರಾ? ಟರ್ಮಿನಲ್‌ನಿಂದ ಕಮಾಂಡ್ ಕೊಟ್ಟರೆ ಡಿಸ್ಕ್ ಮೇಲಿರುವುದು ಮಾತ್ರ ಕಂಪೈಲ್ ಆಗುತ್ತದೆ. ಹೊಸ ಫೈಲ್ ಸೇವ್ ಆಗದೆ ಖಾಲಿ ಇದ್ದರೆ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಸೆಟಪ್' ಎಂದು ಬರುತ್ತದೆ. ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದ್ದರೆ ಹೆಸರಿನ ಕೊನೆಗೆ ಕಾಣದ ಹಾಗೆ .ಟಿಎಕ್ಸ್‌ಟಿ ಅಂಟಿಕೊಂಡಿರಬಹುದು.

'ಮೇನ್ ಫೈಲ್ ಮಿಸ್ಸಿಂಗ್ ಫ್ರಮ್ ಸ್ಕೆಚ್' ಎಂದರೆ ಫೋಲ್ಡರಿನ ಹೆಸರೂ ಮುಖ್ಯ ಫೈಲಿನ ಹೆಸರೂ ಒಂದೇ ಇಲ್ಲ. 'ಬ್ಲಿಂಕ್.ಐಎನ್‌ಒ' ಇರಬೇಕಾದದ್ದು 'ಬ್ಲಿಂಕ್' ಎಂಬ ಫೋಲ್ಡರಿನಲ್ಲೇ. ಐಡಿಇ ಆಗಿದ್ದರೆ ಫೋಲ್ಡರ್ ಮಾಡಿ ಒಳಗಿಡಲೇ ಎಂದು ಕೇಳುತ್ತಿತ್ತು. ಗಿಟ್‌ಹಬ್‌ನಿಂದ ಜಿಪ್ ಇಳಿಸಿಕೊಂಡಾಗ ಫೋಲ್ಡರ್ ಹೆಸರಿನ ಕೊನೆಗೆ '-ಮೇನ್' ಸೇರಿರುತ್ತದೆ, ಅಲ್ಲೂ ಇದೇ ಕಥೆ.

'ರಿಡೆಫಿನಿಶನ್ ಆಫ್ ವಾಯ್ಡ್ ಸೆಟಪ್' ಬಂದರೆ ಕೋಡ್ ಓದುತ್ತಾ ಕೂರಬೇಡಿ, ಫೋಲ್ಡರ್ ನೋಡಿ. 'ಬ್ಲಿಂಕ್_ಹಳೇದು.ಐಎನ್‌ಒ' ಥರದ ಪ್ರತಿ ಅಲ್ಲೇ ಬಿದ್ದಿರುತ್ತದೆ. ಮೇಲೆ ಹೇಳಿದ ಹಾಗೆ ಎಲ್ಲ .ಐಎನ್‌ಒ ಫೈಲುಗಳೂ ಒಂದಾಗುತ್ತವೆ, ಎರಡು ಸೆಟಪ್ ಆಗುತ್ತದೆ. ಐಡಿಇಯಲ್ಲಿ ಎರಡೂ ಟ್ಯಾಬ್ ಆಗಿ ಕಣ್ಣಿಗೆ ಬೀಳುತ್ತಿದ್ದವು. ಒಂದೇ ಫೈಲ್ ತೆರೆದಿರುವ ಎಡಿಟರ್‌ನಲ್ಲಿ ಕಾಣುವುದಿಲ್ಲ. ಹಳೆಯ ಪ್ರತಿ ಬೇಕೇ ಬೇಕಿದ್ದರೆ ಗಿಟ್ ಬಳಸಿ.

ಇನ್ನು ನಿಜವಾದ ವಿಷಯ: 'ವಾಸ್ ನಾಟ್ ಡಿಕ್ಲೇರ್ಡ್ ಇನ್ ದಿಸ್ ಸ್ಕೋಪ್'. ಯಾವ ಹೆಸರಿನ ಮುಂದೆ ಇದು ಬಂದಿದೆ ನೋಡಿ. 'ಡಿಜಿಟಲ್‌ರೈಟ್', 'ಸೀರಿಯಲ್', 'ಹೈ' ಹೀಗೆ ಆರ್ಡುಯಿನೊದ್ದೇ ಹೆಸರಾದರೆ ನೀವಿರುವುದು .ಸಿಪಿಪಿ ಫೈಲಿನಲ್ಲಿ, ಮೇಲೆ '#ಇನ್‌ಕ್ಲೂಡ್ <ಆರ್ಡುಯಿನೊ.ಎಚ್>' ಬರೆದಿಲ್ಲ. .ಐಎನ್‌ಒ ಫೈಲಿಗೆ ಮಾತ್ರ ಅದು ತಾನಾಗಿ ಸೇರುತ್ತದೆ. ಹೆಸರು ನೀವೇ ಬರೆದ ಫಂಕ್ಷನ್‌ನದ್ದಾದರೆ ಕೆಳಗೆ ಬರೆದಿದ್ದನ್ನು ಮೇಲೆ ಕರೆದಿದ್ದೀರಿ. ಪ್ಲಾಟ್‌ಫಾರ್ಮ್‌ಐಒಗೆ ಬಂದು 'ಮೇನ್.ಸಿಪಿಪಿ' ಒಳಗೆ ಹಳೆಯ ಕೋಡ್ ಅಂಟಿಸಿದವರಿಗೆಲ್ಲ ಇದು ಬರುತ್ತದೆ. ಫೈಲಿನ ಮೇಲ್ಭಾಗದಲ್ಲಿ ಪ್ರೊಟೊಟೈಪ್ ಬರೆಯಿರಿ, ಅಥವಾ ಫಂಕ್ಷನ್‌ಗಳನ್ನು ಲೂಪ್‌ಗಿಂತ ಮೇಲೆ ಒಯ್ಯಿರಿ.

ಮೂರನೆಯ ಸಾಧ್ಯತೆ ಸ್ವಲ್ಪ ಸೂಕ್ಷ್ಮ. ಹೆಸರು ನೀವು ಮಾಡಿದ ಸ್ಟ್ರಕ್ಟ್‌ನದ್ದು. ಅದನ್ನು ಬಳಸುವ ಫಂಕ್ಷನ್‌ಗಿಂತ ಮೇಲೆಯೇ ಬರೆದಿದ್ದೀರಿ, ಆದರೂ ಗೊತ್ತಿಲ್ಲ ಅನ್ನುತ್ತದೆ. ಇದು ಐಡಿಇಯಲ್ಲೂ ಬರುತ್ತದೆ. ತಾನಾಗಿ ಬರೆದ ಪ್ರೊಟೊಟೈಪ್‌ಗಳೆಲ್ಲ ಫೈಲಿನ ಮೊದಲ ಫಂಕ್ಷನ್‌ನ ತಲೆಯ ಮೇಲೆ ಕೂರುತ್ತವೆ. ನಿಮ್ಮ ಸ್ಟ್ರಕ್ಟ್ ಅದಕ್ಕಿಂತ ಕೆಳಗಿದ್ದರೆ ಪ್ರೊಟೊಟೈಪ್‌ಗೆ ಅದು ಗೊತ್ತಿರುವುದಿಲ್ಲ. ಸ್ಟ್ರಕ್ಟನ್ನು ಒಂದು .ಎಚ್ ಫೈಲಿಗೆ ಹಾಕಿ ಮೇಲೆ ಇನ್‌ಕ್ಲೂಡ್ ಮಾಡಿದರೆ ಸರಿಹೋಗುತ್ತದೆ. ಅನುಮಾನವಿದ್ದರೆ 'ಕಂಪೈಲ್ --ಪ್ರಿಪ್ರೊಸೆಸ್' ಓಡಿಸಿ. ಕಂಪೈಲರ್ ಕೈಗೆ ನಿಜವಾಗಿ ಸಿಗುವ ಕೋಡ್ ಏನೆಂದು ಅದು ಪರದೆಗೆ ಸುರಿಯುತ್ತದೆ. ಇಡೀ ಆರ್ಡುಯಿನೊದಲ್ಲಿ ನನಗೆ ಬಹಳ ಇಷ್ಟವಾದ ಕಮಾಂಡ್ ಇದು. ಒಂದು ಸಲ ನೋಡಿದರೆ ಐಡಿಇಯ ಗುಟ್ಟೆಲ್ಲ ಬಯಲು.

ಕಂಪೈಲ್ ಆಗಿ ಕೊನೆಗೆ 'ಅನ್‌ಡಿಫೈನ್ಡ್ ರೆಫರೆನ್ಸ್' ಬಂದು ಅದು ನಿಮ್ಮದೇ .ಸಿಪಿಪಿ ಫೈಲಿನ ಫಂಕ್ಷನ್ ಆಗಿದ್ದರೆ ಫೈಲ್ ಯಾವ ಫೋಲ್ಡರಿನಲ್ಲಿದೆ ನೋಡಿ. ಸ್ಕೆಚ್ ಫೋಲ್ಡರಿನಲ್ಲಿ ನೇರವಾಗಿದ್ದರೆ ಅಥವಾ 'ಎಸ್‌ಆರ್‌ಸಿ' ಎಂಬ ಒಳಫೋಲ್ಡರಿನಲ್ಲಿದ್ದರೆ ಮಾತ್ರ ಕಂಪೈಲ್ ಆಗುವುದು. ಅಂದವಾಗಿರಲಿ ಎಂದು 'ಸೆನ್ಸರ್ಸ್', 'ಯುಟಿಲ್ಸ್' ಎಂದೆಲ್ಲ ಫೋಲ್ಡರ್ ಮಾಡಿಟ್ಟರೆ ಅವುಗಳನ್ನು ಯಾರೂ ತಿರುಗಿ ನೋಡುವುದಿಲ್ಲ.

ಕಾಣದ ಅಕ್ಷರಗಳು

'ಸ್ಟ್ರೇ \342 ಇನ್ ಪ್ರೋಗ್ರಾಂ'. ಸಾಲು ನೋಡಿದರೆ ಏನೂ ತಪ್ಪಿಲ್ಲ. ಹೆಚ್ಚಾಗಿ ಇದು ಬರುವುದು ಬ್ಲಾಗಿನಿಂದಲೋ ಪಿಡಿಎಫ್‌ನಿಂದಲೋ ವಾಟ್ಸಾಪ್‌ನಿಂದಲೋ ಕೋಡ್ ಅಂಟಿಸಿದಾಗ. ನೇರ ಉದ್ಧರಣ ಚಿಹ್ನೆಗೆ ಬದಲು ಬಾಗಿದ ಚಿಹ್ನೆ ಬಂದಿರುತ್ತದೆ. \302 ಮತ್ತು \240 ಜೊತೆಯಾಗಿ ಬಂದರೆ ಅದು ಮುರಿಯದ ಸ್ಪೇಸ್.

ಕನ್ನಡ ಟೈಪ್ ಮಾಡುವ ನಮಗೆ ಇನ್ನೊಂದು ಕಾರಣ ಉಂಟು. 'ಬೋರ್ಡ್‌ನಲ್ಲಿ' ಥರದ ಪದದಲ್ಲಿ ಅರ್ಧಾಕ್ಷರವನ್ನು ಮುಂದಿನದಕ್ಕೆ ಸೇರದ ಹಾಗೆ ತಡೆಯಲು ಕಾಣದ ಒಂದು ಅಕ್ಷರ ಹಾಕುತ್ತೇವೆ. ಅದೂ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಶುರುವಾಗುವುದು 342ರಿಂದಲೇ, ಪೂರ್ತಿ \342\200\214. ಕಾಮೆಂಟಿನಲ್ಲೋ ಉದ್ಧರಣ ಚಿಹ್ನೆಗಳ ಒಳಗೋ ಇದ್ದರೆ ತೊಂದರೆ ಇಲ್ಲ. ಕೀಬೋರ್ಡ್ ಕನ್ನಡದಲ್ಲಿರುವಾಗ ತಪ್ಪಿ ಕೋಡಿನ ನಡುವೆ ಬಿದ್ದರೆ ಮಾತ್ರ ಕಂಪೈಲರ್ ಎಡವುತ್ತದೆ. ಎರರ್‌ನಲ್ಲಿ ಕೊಟ್ಟ ಸಾಲನ್ನು ಪೂರ್ತಿ ಅಳಿಸಿ ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಮತ್ತೆ ಟೈಪ್ ಮಾಡುವುದೇ ಬೇಗ.

\377 ಮತ್ತು \376ರಿಂದ ಶುರುವಾಗಿ ನೂರಾರು ಎರರ್ ಒಟ್ಟಿಗೆ ಬಂದರೆ ಫೈಲ್ ಯುಟಿಎಫ್-16ರಲ್ಲಿ ಸೇವ್ ಆಗಿದೆ. ಯುಟಿಎಫ್-8 ಆರಿಸಿ ಮತ್ತೆ ಸೇವ್ ಮಾಡಿ.

ಲೈಬ್ರರಿ ಐಡಿಇಗೆ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ

ಐಡಿಇ 2 ಮತ್ತು ನೀವು ಹಾಕಿದ ಸಿಎಲ್‌ಐ ಒಂದೇ ತಾಯಿಯ ಮಕ್ಕಳಾದರೂ ಕಾನ್ಫಿಗ್ ಫೈಲ್ ಬೇರೆ ಬೇರೆ. ಐಡಿಇಯದ್ದು '.ಆರ್ಡುಯಿನೊಐಡಿಇ' ಫೋಲ್ಡರಿನಲ್ಲಿದೆ, ಸಿಎಲ್‌ಐದ್ದು '.ಆರ್ಡುಯಿನೊ15' ಥರದ ಫೋಲ್ಡರಿನಲ್ಲಿ. ಐಡಿಇಯಲ್ಲಿ ಸ್ಕೆಚ್‌ಬುಕ್ ಜಾಗವನ್ನು ಡಿ ಡ್ರೈವಿಗೆ ಬದಲಿಸಿದ್ದರೆ ಸಿಎಲ್‌ಐಗೆ ಅದು ಗೊತ್ತಿಲ್ಲ, ಹಳೆಯ ಜಾಗದಲ್ಲೇ ಹುಡುಕುತ್ತದೆ. ಇಎಸ್‌ಪಿ32ಗಾಗಿ ಐಡಿಇಯಲ್ಲಿ ಸೇರಿಸಿದ ಬೋರ್ಡ್ ವಿಳಾಸವೂ ಹಾಗೆಯೇ. 'ಕಾನ್ಫಿಗ್ ಡಂಪ್' ಓಡಿಸಿ ನೋಡಿ, ಅಥವಾ '--ಕಾನ್ಫಿಗ್-ಫೈಲ್' ಕೊಟ್ಟು ಐಡಿಇಯ ಫೈಲನ್ನೇ ಬಳಸಿಬಿಡಿ.

ಪ್ಲಾಟ್‌ಫಾರ್ಮ್‌ಐಒ ಮಾತ್ರ ಪೂರ್ತಿ ಬೇರೆ ಮನೆ. ಐಡಿಇಯಲ್ಲಿ ಹಾಕಿದ ಲೈಬ್ರರಿಗಳನ್ನು ಅದು ನೋಡುವುದೇ ಇಲ್ಲ. ಪ್ರತಿ ಪ್ರಾಜೆಕ್ಟಿಗೂ 'ಲಿಬ್_ಡೆಪ್ಸ್' ಸಾಲಿನಲ್ಲಿ ಹೆಸರು ಬರೆಯಬೇಕು. ವರ್ಷನ್ ಸಮೇತ ಬರೆಯಬಹುದಾದ್ದರಿಂದ ನನಗೆ ಇದೇ ವಾಸಿ.

ಬೋರ್ಡಿಗೆ ಹೋಗುತ್ತಿಲ್ಲ

'ಆರ್ಡುಯಿನೊ-ಸಿಎಲ್‌ಐ ಬೋರ್ಡ್ ಲಿಸ್ಟ್' ಓಡಿಸಿ. ಪೋರ್ಟೇ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಚಾರ್ಜ್‌ಗೆ ಮಾತ್ರ ಆಗುವ ಕೇಬಲ್‌ಗಳಲ್ಲಿ ಡೇಟಾ ತಂತಿ ಇರುವುದಿಲ್ಲ, ಬೋರ್ಡಿನ ದೀಪ ಮಾತ್ರ ಚೆನ್ನಾಗಿ ಉರಿಯುತ್ತದೆ.

ಪೋರ್ಟ್ ಕಂಡು ಬೋರ್ಡ್ ಹೆಸರಿನ ಜಾಗದಲ್ಲಿ 'ಅನ್‌ನೋನ್' ಇದ್ದರೆ ಹೆದರಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಡಿಮೆ ಬೆಲೆಗೆ ಸಿಗುವ ಯುನೊ, ನ್ಯಾನೊ ತದ್ರೂಪುಗಳಲ್ಲಿ ಜಾಸ್ತಿ ಇರುವುದು ಸಿಎಚ್340 ಎಂಬ ಯುಎಸ್‌ಬಿ ಚಿಪ್. ಅದು 'ನಾನು ಸಿಎಚ್340' ಎಂದಷ್ಟೇ ಹೇಳುತ್ತದೆ, ಹಿಂದೆ ಯಾವ ಬೋರ್ಡಿದೆ ಎಂದು ಹೇಳುವುದಿಲ್ಲ. ಹೆಸರು ನೀವೇ ಕೊಡಬೇಕು. ಲಿನಕ್ಸ್‌ನಲ್ಲಿ ಅಸಲಿ ಯುನೊ ಟಿಟಿವೈಎಸಿಎಂ0 ಎಂದು ಕಂಡರೆ ಈ ಬೋರ್ಡುಗಳು ಟಿಟಿವೈಯುಎಸ್‌ಬಿ0 ಎಂದು ಕಾಣುತ್ತವೆ. ಪಾಠದಲ್ಲಿದ್ದ ಪೋರ್ಟ್ ಹೆಸರನ್ನೇ ಎಡಿಟರ್‌ನ ಟಾಸ್ಕ್ ಫೈಲಿಗೆ (ಓಡಿಸಬೇಕಾದ ಕಮಾಂಡ್ ಬರೆದಿಡುವ ಫೈಲ್) ಅಂಟಿಸಿದ್ದರೆ ಓಡುವುದಿಲ್ಲ.

ಉಬುಂಟು 22.04ರಲ್ಲಿ ಇದೇ ಚಿಪ್‌ಗೆ ವಿಚಿತ್ರವಾದ ತೊಂದರೆ. ಪೋರ್ಟ್ ಬಂದ ಹಾಗೆ ಕಂಡು ಕೂಡಲೇ ಮಾಯ. ಸಿಸ್ಟಮ್ಮಿನ ಲಾಗ್ ತೋರಿಸುವ 'ಡಿಎಂಇಎಸ್‌ಜಿ' ಕಮಾಂಡ್ ಓಡಿಸಿ ನೋಡಿದರೆ 'ಬಿಆರ್‌ಎಲ್‌ಟಿಟಿವೈ' ಎಂಬ ಹೆಸರು ಕಾಣುತ್ತದೆ. ಇದು ಬ್ರೈಲ್ ಪರದೆಗಳನ್ನು ನಡೆಸುವ ಪ್ರೋಗ್ರಾಂ. ಸಿಎಚ್340 ಕಂಡರೆ ತನ್ನದೇ ಸಾಧನವೆಂದು ಹಿಡಿದುಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಬ್ರೈಲ್ ಪರದೆ ಬಳಸುವವರು ಯಾರೂ ಇಲ್ಲದಿದ್ದರೆ ಅದನ್ನು ತೆಗೆದುಹಾಕಿ.

'ಪರ್ಮಿಶನ್ ಡಿನೈಡ್' ಬಂದರೆ ಉಬುಂಟು, ಡೆಬಿಯನ್‌ನಲ್ಲಿ ನಿಮ್ಮನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿಕೊಳ್ಳಬೇಕು. ಆರ್ಚ್‌ನಲ್ಲಿ 'ಯುಯುಸಿಪಿ'. ಸೇರಿಸಿದ ಮೇಲೆ ಎಡಿಟರ್ ಮುಚ್ಚಿ ತೆರೆದರೆ ಸಾಲದು, ಲಾಗ್ ಔಟ್ ಆಗಿ ಮತ್ತೆ ಬರಬೇಕು. ಸುಡೊ ಹಾಕಿ ಓಡಿಸುವ ಅಡ್ಡದಾರಿ ಬೇಡ. ಆಗ ಕಂಪೈಲ್ ಆದ ಫೈಲುಗಳೆಲ್ಲ ರೂಟ್ ಹೆಸರಿಗಾಗಿ ಮುಂದೆ ಬೇರೆ ಕಡೆ ಕಾಡುತ್ತವೆ.

ಫ್ಲ್ಯಾಟ್‌ಪ್ಯಾಕ್‌ನಿಂದ ಹಾಕಿದ ವಿಎಸ್ ಕೋಡ್ ಒಳಗಿನ ಟರ್ಮಿನಲ್ ಸಿಸ್ಟಮ್ಮಿನ ಟರ್ಮಿನಲ್ ಅಲ್ಲ, ಪೆಟ್ಟಿಗೆಯೊಳಗಿನದ್ದು. ಹೊರಗೆ ಸಿಗುವ ಸಿಎಲ್‌ಐ ಅಲ್ಲಿ 'ಕಮಾಂಡ್ ನಾಟ್ ಫೌಂಡ್'. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್2 ಒಳಗೆ ಕೆಲಸ ಮಾಡುವವರಿಗೆ ಯುಎಸ್‌ಬಿ ಪೋರ್ಟ್ ತಾನಾಗಿ ಕಾಣುವುದಿಲ್ಲ. ಯುಎಸ್‌ಬಿಐಪಿಡಿ ಬಳಸಿ ಒಳಗೆ ಕಳಿಸಬೇಕು, ಅಥವಾ ಅಪ್‌ಲೋಡನ್ನು ವಿಂಡೋಸ್ ಕಡೆಯಿಂದಲೇ ಮಾಡಬೇಕು. ಎರಡನೆಯದೇ ತಲೆನೋವು ಕಡಿಮೆ.

ಇನ್ನು ಅಪ್‌ಲೋಡ್ ಮಾಡುವ ಪ್ರೋಗ್ರಾಂ ಎವಿಆರ್‌ಡ್ಯೂಡ್‌ನ ಪ್ರಸಿದ್ಧ ಸಾಲು, 'ನಾಟ್ ಇನ್ ಸಿಂಕ್'. ಹತ್ತು ಸಲ ಕೂಗಿ ಉತ್ತರ ಸಿಗದೆ ಕೈಬಿಟ್ಟಿದೆ ಎಂದರ್ಥ. ಪೋರ್ಟ್ ಸರಿಯಿದ್ದು ಬೋರ್ಡ್ ನ್ಯಾನೊ ಆಗಿದ್ದರೆ ಬೂಟ್‌ಲೋಡರ್ (ಹೊಸ ಕೋಡನ್ನು ಬರಮಾಡಿಕೊಳ್ಳುವ, ಬೋರ್ಡಿನೊಳಗಿನ ಪುಟ್ಟ ಪ್ರೋಗ್ರಾಂ) ಹಳೆಯದಿರಬಹುದು. ಹಳೆಯದರ ವೇಗ 57600, ಹೊಸದರದ್ದು 115200. ಐಡಿಇಯ ಮೆನುವಿನಲ್ಲಿ 'ಓಲ್ಡ್ ಬೂಟ್‌ಲೋಡರ್' ಎಂದು ಆರಿಸುತ್ತಿದ್ದಿರಲ್ವಾ, ಅದು ಇಲ್ಲಿ ಬೋರ್ಡ್ ಹೆಸರಿನ ಬಾಲವಾಗಿ ಬರಬೇಕು: ಆರ್ಡುಯಿನೊ:ಎವಿಆರ್:ನ್ಯಾನೊ:ಸಿಪಿಯು=ಎಟಿಮೆಗಾ328ಓಲ್ಡ್. ಅದೂ ಅಲ್ಲದಿದ್ದರೆ 0 ಮತ್ತು 1ನೇ ಪಿನ್‌ಗೆ ಏನಾದರೂ ಸಿಕ್ಕಿಸಿದ್ದೀರಾ ನೋಡಿ. ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಅಲ್ಲಿ ಕೂತಿದ್ದರೆ ಅಪ್‌ಲೋಡ್ ಆಗುವುದಿಲ್ಲ, ಯಾಕೆಂದರೆ ಅಪ್‌ಲೋಡ್ ಹೋಗುವುದೂ ಅದೇ ಎರಡು ಪಿನ್‌ಗಳ ಮೂಲಕ.

'ಡಿವೈಸ್ ಆರ್ ರಿಸೋರ್ಸ್ ಬಿಜಿ', ವಿಂಡೋಸ್‌ನಲ್ಲಾದರೆ 'ಆಕ್ಸೆಸ್ ಈಸ್ ಡಿನೈಡ್': ಪೋರ್ಟನ್ನು ಇನ್ಯಾರೋ ಹಿಡಿದಿದ್ದಾರೆ. ಐಡಿಇ ತನ್ನ ಸೀರಿಯಲ್ ಮಾನಿಟರನ್ನು (ಬೋರ್ಡ್ ಜೊತೆ ಮಾತಾಡುವ ಕಿಟಕಿ) ಅಪ್‌ಲೋಡ್ ಸಮಯಕ್ಕೆ ತಾನೇ ಬಿಡಿಸುತ್ತಿತ್ತು. ಇಲ್ಲಿ ನೀವೇ ಮುಚ್ಚಬೇಕು. 'ಸ್ಕ್ರೀನ್' ಪ್ರೋಗ್ರಾಂ ಬಳಸುವವರು ಟರ್ಮಿನಲ್ ಕಿಟಕಿ ಮುಚ್ಚಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಹಿಂದೆ ಪೋರ್ಟ್ ಹಿಡಿದೇ ಕೂತಿರುತ್ತದೆ. ಕಂಟ್ರೋಲ್-ಎ ಒತ್ತಿ ಆಮೇಲೆ ಕೆ ಒತ್ತಿ ಕೊಲ್ಲಬೇಕು. ಯಾರು ಹಿಡಿದಿದ್ದಾರೆಂದು 'ಫ್ಯೂಸರ್' ಇಲ್ಲವೇ 'ಎಲ್‌ಎಸ್‌ಒಎಫ್' ಹೇಳುತ್ತದೆ.

ಅಪ್‌ಲೋಡ್ ಆಯಿತು, ಆದರೆ ಮಾತಾಡುತ್ತಿಲ್ಲ

ಗೀಚಿದ ಹಾಗೆ ಅಕ್ಷರ ಬಂದರೆ ವೇಗ ಹೊಂದಿಲ್ಲ. ಪ್ಲಾಟ್‌ಫಾರ್ಮ್‌ಐಒ ಮಾನಿಟರ್ ತಾನಾಗಿ ಹಿಡಿಯುವುದು 9600. ನಿಮ್ಮ ಕೋಡಿನಲ್ಲಿ 115200 ಇದ್ದರೆ 'ಮಾನಿಟರ್_ಸ್ಪೀಡ್' ಬರೆಯಬೇಕು. ಇಎಸ್‌ಪಿ8266 ಮಾತ್ರ ಶುರುವಿನ ಒಂದೆರಡು ಸಾಲನ್ನು 74880 ವೇಗದಲ್ಲಿ ಬರೆಯುತ್ತದೆ. ಆ ಒಂದೆರಡು ಸಾಲು ಕಸದಂತೆ ಕಂಡು ಉಳಿದದ್ದು ಸರಿ ಇದ್ದರೆ ಬಿಟ್ಟುಬಿಡಿ.

ಬೋರ್ಡ್ ಹೇಳುವುದು ಕಾಣುತ್ತದೆ, ನೀವು ಟೈಪ್ ಮಾಡಿದ್ದು ಅದಕ್ಕೆ ಕೇಳಿಸುವುದಿಲ್ಲ. ಇದು ತುಂಬಾ ಹೊತ್ತು ತಿನ್ನುವ ತೊಂದರೆ. ಐಡಿಇ 2ರ ಮಾನಿಟರ್ ಕಳಿಸುವ ಸಾಲಿನ ಕೊನೆಗೆ ನ್ಯೂಲೈನ್ ಸೇರಿಸುತ್ತದೆ. ಸ್ಕ್ರೀನ್‌ನಲ್ಲಿ ಎಂಟರ್ ಒತ್ತಿದರೆ ಹೋಗುವುದು ಕ್ಯಾರೇಜ್ ರಿಟರ್ನ್ ಮಾತ್ರ. ನಿಮ್ಮ ಕೋಡ್ '\ಎನ್' ಬರಲಿ ಎಂದು ಕಾಯುತ್ತಿದ್ದರೆ ಅದು ಬರುವುದೇ ಇಲ್ಲ. 'ರೀಡ್‌ಸ್ಟ್ರಿಂಗ್‌ಅಂಟಿಲ್' ಬಳಸಿದ್ದರೆ ಒಂದು ಸೆಕೆಂಡು ಕಾದು ಆಮೇಲೆ ಸಿಕ್ಕಷ್ಟು ಕೊಡುತ್ತದೆ. ಬೋರ್ಡ್ ಯಾಕೋ ನಿಧಾನ ಅನ್ನಿಸುವುದು ಅದಕ್ಕೇ. ಸ್ಕ್ರೀನ್‌ನಲ್ಲಿ ಕಂಟ್ರೋಲ್-ಜೆ ಒತ್ತಿದರೆ ನ್ಯೂಲೈನ್ ಹೋಗುತ್ತದೆ. ಒತ್ತಿ ನೋಡಿ, ಬೋರ್ಡ್ ತಕ್ಷಣ ಉತ್ತರಿಸಿದರೆ ಕಾರಣ ಇದೇ. ಆಮೇಲೆ ಕೋಡಿನಲ್ಲೇ '\ಆರ್', '\ಎನ್' ಎರಡನ್ನೂ ಒಪ್ಪುವ ಹಾಗೆ ಬರೆದುಬಿಡಿ.

ಮಾನಿಟರ್ ತೆರೆದಾಗಲೆಲ್ಲ ಎಣಿಕೆ 0ಯಿಂದ ಶುರುವಾಗುತ್ತದೆ ಎಂದರೆ ಅದು ದೋಷವಲ್ಲ. ಪೋರ್ಟ್ ತೆರೆದರೆ ಯುನೊ ರೀಸೆಟ್ ಆಗುತ್ತದೆ, ಐಡಿಇಯಲ್ಲೂ ಹಾಗೆಯೇ.

ಕೊನೆಗೆ, ಎಡಿಟರ್‌ನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ, ಸೀರಿಯಲ್‌ನಲ್ಲೂ ಕಾಣುತ್ತದೆ, 16x2 ಎಲ್‌ಸಿಡಿಯಲ್ಲಿ ಮಾತ್ರ ಕಸ. ಇಲ್ಲಿ ಎಡಿಟರ್‌ನ ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ) 3 ಬೈಟ್. 'ನಮಸ್ಕಾರ' ಅನ್ನುವುದಕ್ಕೆ 7 ಸಂಕೇತ, 21 ಬೈಟ್. ಎಲ್‌ಸಿಡಿಯ ಎಚ್‌ಡಿ44780 ಚಿಪ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದುಕೊಂಡು ತನ್ನ ಬಳಿ ಇರುವ ಯಾವುದೋ ಆಕಾರ ತೋರಿಸುತ್ತದೆ. ಅದರಲ್ಲಿ ಕನ್ನಡ ಇಲ್ಲ. ನೀವೇ ಬರೆದುಕೊಳ್ಳಬಹುದಾದ ಅಕ್ಷರಗಳು ಒಮ್ಮೆಗೆ 8, ಅದೂ 5x8 ಚುಕ್ಕೆಗಳಲ್ಲಿ. ಒತ್ತಕ್ಷರಕ್ಕೆ ಜಾಗವೇ ಸಾಲದು. ಕನ್ನಡ ಬೇಕಿದ್ದರೆ 128x64ರ ಓಎಲ್‌ಇಡಿ ಪರದೆ ತಂದು, ಪದವನ್ನು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ, ಆ ಚಿತ್ರವನ್ನು 'ಪ್ರೋಗ್‌ಮೆಮ್' ಹಾಕಿ ಫ್ಲ್ಯಾಶ್‌ನಲ್ಲಿಡಿ. ಪೂರ್ತಿ ಪರದೆಯ ಚಿತ್ರಕ್ಕೆ 1024 ಬೈಟ್ ಸಾಕು. ಅದನ್ನು ರ‍್ಯಾಮ್‌ಗೆ ತುಂಬಲು ಹೋಗಬೇಡಿ. ಯುನೊದಲ್ಲಿರುವ ರ‍್ಯಾಮ್ 2048 ಬೈಟ್, ಅದರಲ್ಲಿ 1024 ಬೈಟನ್ನು ಸಾಮಾನ್ಯವಾಗಿ ಪರದೆಯ ಲೈಬ್ರರಿಯೇ ಬಫರ್‌ಗೆಂದು ತೆಗೆದುಕೊಂಡಿರುತ್ತದೆ.